ಬಾಯಿಗೆ ಚಮಚ ಹಾಕಿದವರು

ಮೊನ್ನೆ ಮದುವೆ ಮನೆಯೊಂದರಲ್ಲಿ, ಊಟಕ್ಕೆ ಕೂತಿದ್ದ ಯುವಕನೊಬ್ಬ ಫಿಟ್ಸ್ ಬಂದು ಬಿದ್ದ. ಅವನು ಬಿದ್ದದ್ದೇ ತಡ, ನಾಲ್ಕಾರು ಜೇಬುಗಳಿಂದ ಬೀಗದ ಕೈ ಗೊಂಚಲುಗಳು ಹೊರಬಂದವು. ನನ್ನ ವಯಸ್ಸಿಗೆ ಒಪ್ಪದಷ್ಟು ಗಟ್ಟಿಯಾಗಿ ಕೂಗಿ ಎಲ್ಲರನ್ನೂ ಹಿಂದಕ್ಕೆ ಸರಿಸಿದೆ. ಈ ಸಿಟ್ಟು ಅತಿಯಾಯಿತು ಎನಿಸಿದರೆ, ನಮ್ಮ ಗಿರಿಜಕ್ಕನ ವಿಷಯ ಕೇಳಿ.

ಗಿರಿಜಕ್ಕ ದೊಡ್ಡಪ್ಪನ ಮಗಳು. ಚನ್ನಗಿರಿಯಲ್ಲಿ ನಮ್ಮ ಜೊತೆಗೇ ಬೆಳೆದವಳು. ಚಿಕ್ಕಂದಿನಿಂದಲೂ ಅವಳಿಗೆ ಆಗೊಮ್ಮೆ ಈಗೊಮ್ಮೆ ಫಿಟ್ಸ್ ಬರುತ್ತಿತ್ತು. ಒಂದೆರಡು ನಿಮಿಷ ಕೈಕಾಲು ಅದುರಿ, ತಾನಾಗಿಯೇ ನಿಂತು, ಒಂದಿಷ್ಟು ಹೊತ್ತು ಮಲಗಿ ಎದ್ದರೆ ಮುಗಿಯಿತು. ಮನೆಯಲ್ಲಿ ನಾವು ಯಾರೂ ಹೆದರುತ್ತಿರಲಿಲ್ಲ. ಗಾಬರಿಯೆಲ್ಲ ಊರಿನವರದು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವಳಿಗೆ ಹೊನ್ನಾಳಿಯ ಹೊಲಿಗೆ ಶಾಲೆಯೊಂದರಲ್ಲಿ ಕಲಿಸುವ ಕೆಲಸ ಸಿಕ್ಕಿತು. ಸೇರುವ ದಿನ ಬಸ್ ಹತ್ತಿಸಲು ನಾನೂ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲೇ ಬಿದ್ದಳು. ನಾನು ಅವಳನ್ನು ಪಕ್ಕಕ್ಕೆ ಹೊರಳಿಸುವಷ್ಟರಲ್ಲಿ ಜನ ನನ್ನನ್ನು ಎಳೆದು ಆಚೆ ನಿಲ್ಲಿಸಿದರು. ಇಬ್ಬರು ಅವಳ ತೋಳುಗಳನ್ನು ಅದುಮಿ ಕೂತರು. ಒಬ್ಬ ಚಪ್ಪಲಿ ಕಳಚಿ ಮೂಗಿಗೆ ಹಿಡಿದ. ಅಡಿಕೆ ಮಂಡಿಯ ಗುಮಾಸ್ತರೊಬ್ಬರು ಹೋಟೆಲಿನಿಂದ ಚಮಚ ತರಿಸಿ, ಕಚ್ಚಿಕೊಂಡಿದ್ದ ಹಲ್ಲುಗಳ ನಡುವೆ ತುರುಕತೊಡಗಿದರು.

"ಬಾಯಿಗೆ ಏನೂ ಹಾಕ್ಬ್ಯಾಡ್ರಿ, ತಾನೇ ನಿಲ್ತೈತೆ" ಎಂದು ಬೇಡಿಕೊಂಡೆ.

"ನಾಲಿಗೆ ನುಂಗಿದ್ರೆ ಸತ್ತೇ ಹೋಗ್ತಾಳೆ. ನೀನು ಸಣ್ಣೋಳು, ಸುಮ್ನಿರು" ಎಂದರು ಗುಮಾಸ್ತರು.

ನಾಲಿಗೆ ನುಂಗಲು ಯಾರಿಂದಲೂ ಆಗುವುದಿಲ್ಲ. ಆದರೆ ಹೇಳಿದರೆ ಕೇಳುವವರು ಯಾರು? ಇನ್ನೊಬ್ಬ ಪುಣ್ಯಾತ್ಮ, ಎಚ್ಚರವೇ ಇಲ್ಲದವಳ ಬಾಯಿಗೆ ಸೋಡಾ ಸುರಿದ.

ಅವಳು ಕಣ್ಣು ಬಿಟ್ಟಾಗ ಒಂದೇ ಸಮ ಕೆಮ್ಮು, ತುಟಿಯ ತುಂಬ ರಕ್ತ. ಮುಂದಿನ ಹಲ್ಲು ಮುರಿದಿತ್ತು, ಚಮಚ ಪಕ್ಕದಲ್ಲೇ ಬಿದ್ದಿತ್ತು. ಸುತ್ತ ನಿಂತವರ ಮುಖದಲ್ಲಿ ಗೆದ್ದ ಸಂಭ್ರಮ.

"ಚಮಚ ಹಾಕಿದ್ದು ಯಾರ್ರೀ?" ಎಂದಳು.

"ನಾನೇ ಹಾಕಿದ್ದಮ್ಮ." ಗುಮಾಸ್ತರು ಎರಡು ಒಳ್ಳೆಯ ಮಾತು ಕೇಳಿಸಿಕೊಳ್ಳಲು ಸಿದ್ಧರಾಗಿ ಮುಂದೆ ಬಂದರು.

ಗಿರಿಜಕ್ಕ ಮುರಿದ ಹಲ್ಲನ್ನು ಅವರ ಅಂಗೈಯಲ್ಲಿಟ್ಟಳು. "ಫಿಟ್ಸ್ ತಾನಾಗೇ ಹೋಗ್ತಿತ್ತು. ಇದು ತಾನಾಗೇ ಬರ್ತೈತೇನ್ರೀ?"

"ಉಪಕಾರ ಮಾಡಾಕೆ ಬಂದ್ರೆ ಹಿಂಗಂತಾಳೆ" ಎಂದು ಗುಂಪು ಮುನಿಸಿಕೊಂಡು ಚದುರಿತು. ಹಲ್ಲು ಮುರಿಸಿಕೊಂಡವಳೇ ಅವರಿಗೆ ಕೈ ಮುಗಿಯಬೇಕಿತ್ತಂತೆ.

ಸೋಡಾ ಎದೆಗಿಳಿದು ಜ್ವರ ಹಿಡಿಯಿತು. ಅವಳು ಕೆಲಸಕ್ಕೆ ಸೇರುವುದು ತಡವಾಯಿತು. ಶಾಲೆಯವರು ಕಾದದ್ದೇ ದೊಡ್ಡದು. ಹೋದ ದಿನವೇ ಹುಡುಗಿಯರನ್ನು ಕೂರಿಸಿಕೊಂಡು ಹೇಳಿದಳಂತೆ: "ನಾನು ಬಿದ್ರೆ ಹೆದರಬ್ಯಾಡ್ರಿ. ಕತ್ತರಿ ದೂರ ಇಡ್ರಿ, ತಲೆ ಕೆಳಗೆ ಬಟ್ಟೆ ಇಡ್ರಿ, ಒಂದು ಮಗ್ಗುಲಿಗೆ ಹೊರಳಿಸ್ರಿ. ಕೈಕಾಲು ಅದುಮಬ್ಯಾಡ್ರಿ, ಬಾಯಿಗೆ ಏನೂ ಹಾಕ್ಬ್ಯಾಡ್ರಿ. ಐದು ನಿಮಿಷ ಆದ್ರೂ ನಿಲ್ಲಲಿಲ್ಲ ಅಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ."

ಅದೇ ವರ್ಷ ಪಾಠದ ನಡುವೆ ಬಿದ್ದಳು. ಎಚ್ಚರವಾದಾಗ ತಲೆಯ ಕೆಳಗೆ ಮಡಿಸಿಟ್ಟ ರವಿಕೆ ಬಟ್ಟೆಗಳಿದ್ದವು. ಯಾರೋ ಅವಳ ಸೀರೆ ಸರಿಮಾಡಿದ್ದರು. ಹುಡುಗಿಯರು ಸುಮ್ಮನೆ ಪಕ್ಕದಲ್ಲಿ ಕೂತು ಕಾಯುತ್ತಿದ್ದರು. ಇದನ್ನು ಹೇಳುವಾಗ ಗಿರಿಜಕ್ಕ ಅತ್ತಳು. ಸಿಟ್ಟಿನ ಅಳು ಅದು. "ಇಷ್ಟೇ ನೋಡೇ. ಇಷ್ಟು ಮಾಡಾಕೆ ಅಷ್ಟು ದೊಡ್ಡೋರಿಗೆ ಏನು ಕಷ್ಟ ಆಗಿತ್ತು?"

ಇದನ್ನೆಲ್ಲ ಕೇಳಿದವರು, ಅವರ ಮನಸ್ಸು ಒಳ್ಳೆಯದಿತ್ತಲ್ಲ ಎನ್ನುತ್ತಾರೆ. ಇತ್ತು, ಒಪ್ಪುತ್ತೇನೆ. ಪಕ್ಕದಲ್ಲಿ ನಿಂತವಳ ಒಂದು ಮಾತು ಕೇಳುವಷ್ಟು ಪುರುಸೊತ್ತು ಆ ಮನಸ್ಸಿಗೆ ಇರಲಿಲ್ಲ. ಅಂದು ನಾನು ಬೇಡಿಕೊಂಡಿದ್ದೆ. ಈಗ ಬೇಡಿಕೊಳ್ಳುವುದಿಲ್ಲ, ಗದರಿಸುತ್ತೇನೆ. ಬೆನ್ನ ಹಿಂದೆ ಜಗಳಗಂಟಿ ಮುದುಕಿ ಎನ್ನುತ್ತಾರಂತೆ. ಅನ್ನಲಿ.