ಮಸಾಲೆ ಹಾಕಿದ ಮಾತ್ರಕ್ಕೆ ಮೀನು ನಿಮ್ಮದಾಗುತ್ತಾ, ಮಾವ?

ಗೆಳೆಯರೇ, ಇವತ್ತು ಹೊಗೆನಕಲ್ಲಿನಲ್ಲಿ, ನಾವು ತಂದ ಮೀನು ಹುರಿದುಕೊಡುವ ಅಂಗಡಿ ಮುಂದೆ ನಮ್ಮ ಸೋದರಮಾವ ನನ್ನ ಮೇಲೆ ಹರಿಹಾಯ್ದರು. ಅಂತರ್ಜಾಲದ ವಿಶ್ವಕೋಶಕ್ಕೆ ಅವರು ಹಾಕಿದ್ದ ಮೊದಲ ಲೇಖನ ಬೆಳಿಗ್ಗೆ ಅಳಿಸಿಹೋಗಿತ್ತು. ದೂರು ಕೊಟ್ಟವನು ನಾನೇ. ಲೇಖನವೆಂದರೆ, ಯಾರದೋ ಬ್ಲಾಗಿನಿಂದ ಇಡಿಯಾಗಿ ಎತ್ತಿ ತಂದ ಜಲಪಾತದ ವರ್ಣನೆ. ಬೇರೆಯವರ ಬರಹ ತಂದು ಸುರಿಯಬೇಡಿ ಎಂದು ಹೊಸಬರಿಗಾಗಿ ಅಲ್ಲಿ ದಪ್ಪಕ್ಷರದಲ್ಲೇ ಬರೆದಿದ್ದಾರೆ. ಅದನ್ನು ಓದುವ ಪುರುಸೊತ್ತು ಮಾವನಿಗೆಲ್ಲಿ? ಅವರು ಪೆನ್ನಾಗರದ ಬಸ್ ಸ್ಟ್ಯಾಂಡಿನಲ್ಲಿ ತಮ್ಮ ಫೋಟೋದ ಕೆಳಗೆ ‘ವಿಶ್ವಕೋಶ ಲೇಖಕರು’ ಎಂದು ಫ್ಲೆಕ್ಸ್ ಕಟ್ಟಿಸುವುದರಲ್ಲಿದ್ದರು.

“ಕಾಪಿ ಎಲ್ಲೈತ್ಲಾ? ಅಲ್ಲಲ್ಲಿ ಪದ ಬದ್ಲಾಯ್ಸಿವ್ನಿ. ‘ಸುಂದರ’ ಅಂತಿದ್ದಿದ್ನ ‘ರಮಣೀಯ’ ಮಾಡಿವ್ನಿ. ಅವ್ನು ಬರ್ದಿದ್ಕೆ ಮಸಾಲೆ ಆಕ್ದೋನು ನಾನಲ್ವಾ? ಅಪ್ಪುರಂ ಇನ್ನೇನು, ಆಮ್ಯಾಕೆ ಅದು ನಂದೇ!”

ಅಷ್ಟು ಹೊತ್ತಿಗೆ, ಮಾವ ಕೊಂಡು ಕೊಟ್ಟಿದ್ದ ಮೀನನ್ನು ಅಂಗಡಿಯ ಅಕ್ಕ ಹುರಿದು ತಂದಿಟ್ಟಳು. ನಾನು ತಟ್ಟೆಯನ್ನು ಅವಳ ಕಡೆಗೇ ತಳ್ಳಿದೆ.

“ತಗಳಕ್ಕ, ಮಸಾಲೆ ಆಕಿದ್ದು ನೀನು. ಮೀನೂ ನಿಂದೇ.”

ಮಾವ ಎರಡೂ ಕೈಯಲ್ಲಿ ತಟ್ಟೆ ಹಿಡಿದುಕೊಂಡರು. “ಅದೆಂಗ್ಲಾ? ಮೀನು ತಂದೋನು ನಾನು!”

ಆ ಬ್ಲಾಗಿನವರು ಹೇಳುವುದೂ ಇದನ್ನೇ ಎಂದೆ. ಮಾವ ಕಿವಿಗೇ ಹಾಕಿಕೊಳ್ಳದೆ ಮುಳ್ಳು ಬಿಡಿಸುತ್ತ ಕೂತರು.

ಲೇಖನ ಹೋಯಿತು, ಫ್ಲೆಕ್ಸ್ ಇನ್ನೂ ನಿಂತಿದೆ. ಅದರಲ್ಲಿ ಮಾವನ ಸ್ವಂತದ್ದು ಅಂತ ಇರುವುದು ಆ ಮೀಸೆ ಒಂದೇ.