ಫಿಲಿಜ್‌ಳ ಎಡ ಮಂಡಿ

ಫಿಲಿಜ್‌ಳನ್ನು ಬೀಳಿಸಿದ್ದು ನಾನು. ಕಣದಲ್ಲಿ ಅವಳೆದುರು ನಿಂತಿದ್ದವಳು ಬೇರೊಬ್ಬ ಹುಡುಗಿ. ನಾನು ಗ್ಯಾಲರಿಯ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದೆ. ಆದರೂ ಬೀಳಿಸಿದ್ದು ನಾನೇ. ನಾಲ್ಕು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ — ಗಂಡನಿಗೂ.

ಅವಳು ಟರ್ಕಿಯ ಟೇಕ್ವಾಂಡೋ ಆಟಗಾರ್ತಿ. ಕೊನ್ಯಾ ಎಂಬ ಊರಿನ ಬಸ್ ಚಾಲಕನ ಮಗಳು. ಹನ್ನೊಂದನೇ ವಯಸ್ಸಿಗೆ ಒದೆಯಲು ಕಲಿತು, ಇಪ್ಪತ್ತಕ್ಕೆ ದೇಶದ ತಂಡ ಸೇರಿ, ಯುರೋಪಿನಲ್ಲಿ ಎರಡು ಪದಕ ಗೆದ್ದು, ಆಮೇಲೆ ಎಡ ಮಂಡಿ ಕೈಕೊಟ್ಟು ತಂಡದಿಂದ ಹೊರಬಿದ್ದವಳು. ಮೂವತ್ತೊಂದರಲ್ಲಿ, ಅಮೆರಿಕದ ಸ್ಯಾನ್ ಮಟೇಯೋದಲ್ಲಿದ್ದ ಅಕ್ಕನ ಮನೆಗೆ ಬಂದು ಮತ್ತೆ ಅಭ್ಯಾಸ ಶುರುಮಾಡಿದ್ದಳು. ಸ್ಯಾನ್ ಹೋಸೆಯಲ್ಲಿ ನಡೆಯಲಿದ್ದ ಪಂದ್ಯಾವಳಿಯಲ್ಲಿ ಗೆದ್ದರೆ ತಂಡಕ್ಕೆ ಮರಳುವ ಆಸೆ ಉಳಿಯುತ್ತಿತ್ತು, ಸೋತರೆ ಇಲ್ಲ. ನಾನು ಫಾಸ್ಟರ್ ಸಿಟಿಯ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಅವಳ ಫೈಲು ನನ್ನ ಮೇಜಿಗೆ ಬಂತು.

ಹೆಸರು ಓದಿದ ಕೂಡಲೇ ಗೊತ್ತಾಯಿತು. ಅದಕ್ಕೂ ಹನ್ನೆರಡು ವರ್ಷ ಹಿಂದೆ, ಅಂಕಾರಾದಲ್ಲಿ, ನಾನಾ ದೇಶಗಳ ವಿದ್ಯಾರ್ಥಿಗಳ ಕ್ರೀಡಾಕೂಟವೊಂದರಲ್ಲಿ ನಾವಿಬ್ಬರೂ ಎದುರಾಗಿದ್ದೆವು. ಮಂಡ್ಯದಲ್ಲಿ ಸಿಮೆಂಟ್ ನೆಲದ ಮೇಲೆ ಆಟ ಕಲಿತವಳು ನಾನು. ಮೊದಲ ಸಲ ವಿಮಾನ ಹತ್ತಿದ್ದೂ ಆಗಲೇ. ಎರಡು ಅಂಕ ಮುಂದಿದ್ದೆ. ರೆಫರಿ ‘ನಿಲ್ಲಿ’ ಎಂದು ಕೂಗಿ ನಮ್ಮ ನಡುವೆ ಕೈ ಚಾಚಿದ. ನಾನು ನಿಂತೆ. ಆಗ ಅವಳ ಒದೆ ನನ್ನ ಬಲ ಮಂಡಿಗೆ ಪಕ್ಕದಿಂದ ಬಿತ್ತು. ಅವಳಿಗೆ ರೆಫರಿಯ ಕೂಗು ಕೇಳಿಸಿರಲಿಲ್ಲ, ಬೇಕೆಂದು ಒದ್ದದ್ದಲ್ಲ ಎಂದು ತೀರ್ಪಾಯಿತು. ಏಳಲಾಗದ ನಾನು ಸೋತೆ. ಅವಳು ಚಿನ್ನ ಗೆದ್ದಳು, ಅದರ ಬಲದಿಂದಲೇ ತಂಡ ಸೇರಿದಳು. ನಾನು ಮತ್ತೆ ಕಣಕ್ಕೆ ಇಳಿಯಲಿಲ್ಲ.

ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಅಂದು ಹೆಲ್ಮೆಟ್ಟಿನೊಳಗಿನ ಮುಖ. ಈಗ ಹೆಸರೂ ಗಂಡನ ಕಡೆಯದು. ಈ ಫೈಲು ನನಗೆ ಬೇಡ ಎಂದು ಪಕ್ಕದ ಕೋಣೆಯವರಿಗೆ ದಾಟಿಸಬಹುದಿತ್ತು. ದಾಟಿಸಲಿಲ್ಲ. ಅವಳ ಕಾಲು ನನ್ನ ಕೈಯಲ್ಲಿರಲಿ ಅನ್ನಿಸಿತು — ಅಷ್ಟು ಮಾತ್ರ ನನಗೆ ಆಗ ಗೊತ್ತಿದ್ದದ್ದು.

ನಾಲ್ಕು ತಿಂಗಳು ಚಿಕಿತ್ಸೆ ಕೊಟ್ಟೆ. ಅದರಲ್ಲಿ ಮೋಸ ಮಾಡಲಿಲ್ಲ. ಮಂಡಿ ಸುಮಾರಾಗಿ ಬಲವಾಯಿತು. ಒಂದು ದೌರ್ಬಲ್ಯ ಮಾತ್ರ ಹೋಗಲಿಲ್ಲ. ಎಡಗಾಲು ಊರಿ ರಭಸದಿಂದ ತಿರುಗಿದರೆ ಮಂಡಿ ಹೊರಳುತ್ತಿತ್ತು. “ಇನ್ನೊಂದು ವರ್ಷ ಕಾಯಿ” ಎಂದೆ. “ಇನ್ನೊಂದು ವರ್ಷ ನನ್ನ ಬಳಿ ಇಲ್ಲ” ಎಂದಳು. ಆ ವಿಷಯವನ್ನು ಅವಳು ತನ್ನ ಕೋಚಿಗೂ ಹೇಳಿರಲಿಲ್ಲ. ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಪಂದ್ಯಾವಳಿಗೆ ಎರಡು ವಾರ ಇತ್ತು. ಅವಳು ಟೇಬಲ್ಲಿನ ಮೇಲೆ ಮಲಗಿ ಚಾವಣಿ ನೋಡುತ್ತಿದ್ದಳು. ತಡೆದು ತಡೆದು ಬರುವ ಇಂಗ್ಲಿಷಿನಲ್ಲಿ, ನಾನು ಕೇಳದೆಯೇ, ಹೇಳಿದಳು: “ನಿನ್ನ ದೇಶದವಳೇ ಒಬ್ಬಳ ಮಂಡಿ ಹೀಗೇ ಮುರಿದೆ. ರೆಫರಿ ನಿಲ್ಲಿಸಿದ್ದು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಅಂತ ಸುಳ್ಳು ಹೇಳಿದೆ. ಅವಳ ಹೆಸರೂ ನೆನಪಿಲ್ಲ. ಸಿಕ್ಕರೆ ಕಾಲು ಹಿಡಿಯುತ್ತೇನೆ.”

ಅವಳ ಕಾಲು ನನ್ನ ಎರಡೂ ಕೈಗಳ ನಡುವೆ ಇತ್ತು. ಅವಳೇ ನಾನು — ಈ ಎರಡು ಮಾತು ಸಾಕಿತ್ತು. ನಾನು ಹೇಳಿದ್ದು, “ಕಾಲು ಸಡಿಲ ಬಿಡು.”

ಹನ್ನೆರಡು ವರ್ಷ ನನ್ನಲ್ಲಿ ಒಂದು ಅನುಮಾನವಿತ್ತು: ನಿಜಕ್ಕೂ ಕೇಳಿಸಿರಲಿಲ್ಲವೇನೋ ಎಂದು. ಆ ಅನುಮಾನವೇ ನನ್ನನ್ನು ಹಿಡಿದು ನಿಲ್ಲಿಸಿತ್ತು. ಅವಳು ಪಶ್ಚಾತ್ತಾಪಪಟ್ಟು ಆಡಿದ ಮಾತನ್ನು ನಾನು ಸಾಕ್ಷಿ ಮಾಡಿಕೊಂಡೆ. ಕಾರಿನಲ್ಲಿ ಕೂತು ಅತ್ತೆ — ದುಃಖಕ್ಕಲ್ಲ. ಕೊನೆಗೂ ಸಿಕ್ಕಿತಲ್ಲ ಎಂದು.

ಆ ಭಾನುವಾರ ಕ್ಯುಪರ್ಟಿನೋದಲ್ಲಿ ಕನ್ನಡದವರೆಲ್ಲ ಸೇರಿದ ಊಟವಿತ್ತು. ಹಾಸನದ ಮಹೇಶ್ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತರು. ಅವರ ಮಗಳು ಧೃತಿ, ಹತ್ತೊಂಬತ್ತು ವರ್ಷದವಳು, ಅದೇ ಪಂದ್ಯಾವಳಿಯಲ್ಲಿ, ಫಿಲಿಜ್‌ಳ ತೂಕದ ವಿಭಾಗದಲ್ಲೇ ಆಡಲಿದ್ದವಳು.

“ಸುಧಾ ಅವ್ರೇ, ಆ ಟರ್ಕಿಯವ್ರು ಇವ್ಳಿಗೆ ಎದುರು ಬಂದ್ರೆ ಏನ್ ಮಾಡೋದೂಂತ ಮನೇಲಿ ಒಂದೇ ಟೆನ್ಷನ್ನು” ಅಂದರು.

“ಅವ್ಳ ಎಡಗಡೆಗೇ ಸುತ್ತೋಕ್ ಹೇಳಿ. ಎಡಗಾಲ್ ಮೇಲೆ ನಿಂತು ತಿರುಗೋ ಹಾಗೆ ಮಾಡ್ಲಿ. ಆ ಮಂಡಿ ತಡಿಯಲ್ಲ.”

ಅವರ ಕೈ ತಟ್ಟೆಯಲ್ಲೇ ನಿಂತಿತು. “ನಿಮಗೆ ಹೇಗೆ...” ಎಂದವರು ಮಾತು ಮುಗಿಸಲಿಲ್ಲ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು.

“ನಾನೇನೂ ಹೇಳಿಲ್ಲ” ಎಂದು ಎದ್ದು ಹೋದೆ.

ಅವರಿಬ್ಬರೂ ಎದುರಾದದ್ದು ಸೆಮಿಫೈನಲ್ಲಿನಲ್ಲಿ. ಮೊದಲ ಸುತ್ತು ಫಿಲಿಜ್‌ಳದು. ಎಷ್ಟು ಚೆಂದ ಆಡಿದಳು — ಒಂದು ಹೆಜ್ಜೆಯೂ ವ್ಯರ್ಥವಿಲ್ಲ. ಎರಡನೇ ಸುತ್ತಿನಲ್ಲಿ ಧೃತಿ ಎಡಕ್ಕೇ ಸುತ್ತತೊಡಗಿದಳು. ಒಮ್ಮೆ, ಎರಡು ಸಲ, ಮೂರು ಸಲ. ಫಿಲಿಜ್‌ಳ ಮುಖ ಬದಲಾಯಿತು. ಅವಳಿಗೆ ಗೊತ್ತಾಗಿತ್ತು, ಹುಡುಗಿ ಏನನ್ನೋ ಹುಡುಕುತ್ತಿದ್ದಾಳೆ ಎಂದು. ನಾಲ್ಕನೇ ಸಲ ತಿರುಗಿ ಒದೆಯಲು ಹೋದವಳು, ಯಾರೂ ಮುಟ್ಟದೆ, ನಿಂತಲ್ಲೇ ಕುಸಿದಳು. ಅವಳ ಚೀರಾಟ ಮೇಲಿನ ಸಾಲಿನವರೆಗೂ ಕೇಳಿಸಿತು.

ನನಗೆ ಸಂತೋಷವಾಯಿತು. ಮೃದು ಮಾಡಿ ಹೇಳಲಾರೆ. ‘ಈಗ ಗೊತ್ತಾಯ್ತೇನೇ’ ಎಂದು ಮನಸ್ಸಿನಲ್ಲೇ ಅಂದೆ. ಅವಳನ್ನು ಹೊತ್ತು ಬಾಗಿಲು ದಾಟಿಸುವವರೆಗೂ ಕಣ್ಣು ಕೀಳಲಿಲ್ಲ. ಹೊರಗೆ ಬಂದು ಕಾಫಿ ಕುಡಿದೆ; ಬಹಳ ದಿನದ ಮೇಲೆ ರುಚಿಯಾಗಿತ್ತು.

ಹತ್ತು ದಿನದ ನಂತರ ಅವಳು ಊರುಗೋಲಿನಲ್ಲಿ ಕ್ಲಿನಿಕ್ಕಿಗೆ ಬಂದಳು. ಚಿಕಿತ್ಸೆಗಲ್ಲ, ನನ್ನನ್ನು ಸಮಾಧಾನಪಡಿಸಲು. “ನೀನು ಕಾಯಿ ಅಂದೆ, ನಾನೇ ಕೇಳಲಿಲ್ಲ. ನಿನ್ನ ಕೆಲಸದಲ್ಲಿ ಕೊರತೆ ಇರಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ” ಎಂದಳು. ನನ್ನ ಕೆನ್ನೆಗೆ ಕೆನ್ನೆ ತಾಗಿಸಿ ಹೋದಳು. ಆ ಸಂತೋಷ ಹೋದದ್ದು ಆಗ, ಮತ್ತೆ ಬರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ.

ಧೃತಿ ಮಾತ್ರ ಕೇಳಿದಳು. ಎವರ್‌ಗ್ರೀನ್ ಬಡಾವಣೆಯ ಅವರ ಮನೆಯಲ್ಲಿ, ಗೌರಿ ಹಬ್ಬದ ಬಾಗಿನಕ್ಕೆ ಹೋದಾಗ, ಮೆಟ್ಟಿಲ ಹತ್ತಿರ ನಿಲ್ಲಿಸಿ, “ಆಂಟಿ, ವಾಸ್ ಶಿ ಯುವರ್ ಪೇಷೆಂಟ್?” ಎಂದಳು.

“ಇಲ್ಲಮ್ಮ” ಎಂದೆ.

ಅವಳು ನನ್ನ ಮುಖ ನೋಡಿ, “ಓಕೆ” ಎಂದು ಮೇಲೆ ಹೋದಳು. ಆ ತಿಂಗಳೇ ಆಟ ಬಿಟ್ಟಳೆಂದು ಆಮೇಲೆ ಅವಳ ತಾಯಿ ಹೇಳಿದರು — ಯಾಕೋ ಏನೋ, ಕೇಳಿದರೆ ಹೇಳುವುದಿಲ್ಲ ಎಂದು. ಸೇಡು ಒಬ್ಬಳಿಗೆಂದು ಎತ್ತಿದ್ದು. ಇನ್ನೊಂದು ಮನೆಯ ಮಗುವಿಗೂ ತಗಲಿತು.

ಫಿಲಿಜ್ ಈಗ ಕೊನ್ಯಾದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಕುಂಟುತ್ತಾಳೆ. ಪ್ರತಿ ಹೊಸ ವರ್ಷ ನನಗೆ ಶುಭಾಶಯ ಕಳಿಸುತ್ತಾಳೆ; ನಾನೂ ಕಳಿಸುತ್ತೇನೆ — ಹೀಗೆ ನಾಲ್ಕು ವರ್ಷ.

ಈ ವಾರ ಮೂರು ಪತ್ರ ಬರೆದೆ. ಒಂದು, ನನಗೆ ಕೆಲಸದ ಪರವಾನಗಿ ಕೊಟ್ಟ ಮಂಡಳಿಗೆ. ಅವರು ಅದನ್ನು ಹಿಂದಕ್ಕೆ ಕೇಳಿದರೆ ಕೊಟ್ಟುಬಿಡುತ್ತೇನೆ. ಒಂದು ಧೃತಿಗೆ. ಒಂದು ಕೊನ್ಯಾಕ್ಕೆ. ಅದರಲ್ಲಿ ಮದುವೆಗೆ ಮುಂಚಿನ ನನ್ನ ಹೆಸರು ಬರೆದೆ, ಮಹೇಶರಿಗೆ ಆಡಿದ ಮಾತನ್ನು ಆಡಿದಂತೆಯೇ ಬರೆದೆ. ‘ನೀನು ಬಿದ್ದಾಗ ನನಗೆ ಸಂತೋಷವಾಯಿತು’ ಎಂಬ ಸಾಲನ್ನು ಎರಡು ಸಲ ಹೊಡೆದುಹಾಕಿ, ಮೂರನೇ ಪ್ರತಿಯಲ್ಲಿ ಉಳಿಸಿದೆ. ಕ್ಷಮಿಸು ಎಂದು ಬರೆಯಲಿಲ್ಲ. ಅಂದು ಟೇಬಲ್ಲಿನ ಮೇಲೆ ಮಲಗಿ ಅವಳು ಆ ಮಾತನ್ನು ನನ್ನ ಕೈಗೇ ಇಟ್ಟಿದ್ದಳು. ನಾನು ಅದನ್ನು ಇಟ್ಟುಕೊಂಡು ಅವಳನ್ನು ಬೀಳಿಸಿದೆ.