ಶಿಖರದ ಮೇಲೆ ಸುಟ್ಟ ಬಾಳೆಕಾಯಿ

ಮಚಾಮೆಯ ಎಲಿನಾಮಿ ಇಪ್ಪತ್ತಾರು ವರ್ಷ ಕಿಲಿಮಂಜಾರೋ ಬೆಟ್ಟದಲ್ಲಿ ಅಡುಗೆ ಮಾಡಿದ. ಹತ್ತಲು ಬಂದವರ ಜೊತೆ ಆರೇಳು ದಿನ ಡೇರೆಯಿಂದ ಡೇರೆಗೆ ಸಾಗುತ್ತ, ಎಷ್ಟು ಕುದಿಸಿದರೂ ಕಾಳು ಬೇಯದ ಎತ್ತರದಲ್ಲಿ ಕೂತು ಪರದೇಶದವರ ಬಾಯಿಗೆ ಹಿಡಿಸುವಂತೆ ಬೇಯಿಸಿ ಹಾಕುವುದು ಹುಡುಗಾಟವಲ್ಲ. ಹೊಟ್ಟೆ ತೊಳಸುತ್ತದೆ ಎಂದು ಮುಸುಕೆಳೆದು ಮಲಗಿದವರು ಅವನ ಬಾಳೆಕಾಯಿ-ಮಾಂಸದ ಸೂಪು ಕುಡಿದು, ಎದ್ದು ಕೂತು ಇನ್ನೊಂದು ಬಟ್ಟಲು ಕೇಳಿದ್ದುಂಟು. ಒಬ್ಬ ಮನುಷ್ಯನಿಗೆ ಹೆಸರು ಬರಲು ಇಷ್ಟು ಸಾಲದೇ? ಸಾಲದು. ಊರಿನವರಿಗೆ ಸೂಪಿನ ಕಥೆ ಬೇಕಿರಲಿಲ್ಲ, ಶಿಖರದ ಕಥೆ ಬೇಕಿತ್ತು.

ಎಲಿನಾಮಿ ಎಡವಿದ್ದು ಇಲ್ಲೇ. ಬರಾಫು ಎಂಬುದು ತುದಿಗೆ ಮುಂಚೆ ಕೊನೆಯದಾಗಿ ಡೇರೆ ಹಾಕುವ ಜಾಗ. ಅಲ್ಲಿಂದ ಮುಂದಕ್ಕೆ ಹತ್ತುವವರ ಜೊತೆ ದಾರಿ ತೋರಿಸುವವರು ಮಾತ್ರ ಹೋಗುತ್ತಾರೆ. ಅಡುಗೆಯವನು ಹಿಂದೆ ಉಳಿದು, ಇಳಿದು ಬರುವವರಿಗೆ ಬಿಸಿ ಸೂಪು ಸಿದ್ಧ ಮಾಡಿಟ್ಟುಕೊಂಡು ಕಾಯಬೇಕು. ಮೊದಲ ವರ್ಷ ಕೆಲಸ ಮುಗಿಸಿ ಊರಿಗೆ ಬಂದಾಗ, ಬಾಳೆಹಣ್ಣಿನ ಹೆಂಡದ ಅಂಗಡಿಯಲ್ಲಿ ಎಲ್ಲರೂ ಸುತ್ತುಗಟ್ಟಿ ತುದಿ ಹೇಗಿದೆ ಎಂದು ಕೇಳಿದರು. ಹೋಗಿದ್ದೆಯಾ ಎಂದು ಒಬ್ಬನಾದರೂ ಕೇಳಿದ್ದರೆ ಬಚಾವಾಗುತ್ತಿದ್ದ. ನಮ್ಮೂರಲ್ಲಿ ಬೆಟ್ಟದ ಕೆಲಸಕ್ಕೆ ಹೋದವನೆಂದರೆ ತುದಿ ಕಂಡವನೆಂದೇ ಲೆಕ್ಕ. ಆಲೂಗಡ್ಡೆ ಸುಲಿಯುತ್ತ ಡೇರೆಯಲ್ಲಿ ಕೂತಿದ್ದೆ ಎನ್ನಲು ಅವನಿಗೆ ನಾಚಿಕೆಯಾಯಿತು. ದಾರಿ ತೋರಿಸುವವರ ಬಾಯಲ್ಲಿ ಕೇಳಿದ್ದನ್ನೇ ಹೇಳಿದ. ಅಡುಗೆಯವನಲ್ಲವೇ, ಮೇಲೊಂದು ಒಗ್ಗರಣೆಯನ್ನೂ ಹಾಕಿದ: ತುತ್ತತುದಿಯಲ್ಲಿ ಒಂದು ಬಿಲವಿದೆ, ಬೆಟ್ಟದ ಹಳೆಯ ಬೆಂಕಿಯ ಕಾವು ಅದರಿಂದ ಇನ್ನೂ ಬರುತ್ತದೆ, ನಾನು ಅದರಲ್ಲಿ ಬಾಳೆಕಾಯಿ ಸುಟ್ಟು ತಿಂದೆ ಎಂದುಬಿಟ್ಟ.

ಮರುವರ್ಷವೂ ಅದನ್ನೇ ಕೇಳಿದರು. ಒಂದು ಬಾಳೆಕಾಯಿ ಎರಡಾಯಿತು, ಆಮೇಲೆ ಉಪ್ಪು ಸೇರಿತು. ಜನ್ಮದಲ್ಲಿ ಬೆಟ್ಟದ ಹೆಬ್ಬಾಗಿಲು ದಾಟದ ನೆರೆಮನೆಯ ಕಿವೆಲು, ಕಥೆಯಲ್ಲಿ ಉಪ್ಪು ತಪ್ಪಿದರೆ ತಾನೇ ನೆನಪಿಸುತ್ತಿದ್ದ.

ಆದರೆ ಆ ಕಥೆಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಎಲಿನಾಮಿಯ ಮಗಳು ಐಕಾಂಡೆ. ಆರು ವರ್ಷದವಳಿದ್ದಾಗಿನಿಂದ ಅದನ್ನು ಕೇಳದೆ ಅವಳು ಮಲಗಿದವಳಲ್ಲ. ಕೇಳಿ ಕೇಳಿ ತಲೆಗೆ ಬೆಟ್ಟವೇ ಹತ್ತಿತು. ಇಪ್ಪತ್ನಾಲ್ಕಕ್ಕೆ ದಾರಿ ತೋರಿಸುವವರ ಪರೀಕ್ಷೆ ಪಾಸು ಮಾಡಿ, ಮೂರು ವರ್ಷದಲ್ಲಿ ಹನ್ನೊಂದು ಸಲ ತುದಿ ಮುಟ್ಟಿ ಬಂದಳು. ಹನ್ನೊಂದು ಸಲವೂ ಎಲಿನಾಮಿಯ ಜೀವ ಬಾಯಿಗೆ ಬಂದಿತ್ತು. ಅವಳು ಮಾತ್ರ ಬಿಲದ ಸುದ್ದಿಯನ್ನೇ ಎತ್ತದೆ, ಊಟಕ್ಕೇನು ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ಮಗಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಏನೂ ಹೇಳದ್ದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಎರಡೂ ಮಂಡಿಗಳು ನೋವೆಂದು ಮುಷ್ಕರ ಹೂಡಿದ್ದರಿಂದ ಎಲಿನಾಮಿ ಈ ವರ್ಷ ಕೆಲಸ ಬಿಡುವುದೆಂದು ತೀರ್ಮಾನಿಸಿದ. ಅಪ್ಪ ಕೊನೆಯ ಸಲ ಬೆಟ್ಟಕ್ಕೆ ಹೋಗುವಾಗ ತಾನೂ ಜೊತೆಗಿರಬೇಕೆಂದು ಐಕಾಂಡೆ ಕೇಳಿ ಅದೇ ತಂಡಕ್ಕೆ ಹಾಕಿಸಿಕೊಂಡಳು. ಹೊರಡುವ ಬೆಳಿಗ್ಗೆ ಎಲಿನಾಮಿ ಬೇಲಿಯಿಂದ ಒಂದು ಇಸಾಲೆ ಎಲೆ ಕಿತ್ತು ಚಹಾಪುಡಿಯ ಡಬ್ಬಿಯಲ್ಲಿ ಬಚ್ಚಿಟ್ಟ. ತಪ್ಪು ಮಾಡಿದವನು ಆ ಎಲೆಗೆ ಗಂಟು ಹಾಕಿ, ನೊಂದವರ ಕೈಗಿಟ್ಟು ಕ್ಷಮೆ ಕೇಳುವುದು ನಮ್ಮ ಚಗ್ಗಾ ಜನರ ಪದ್ಧತಿ. ಎಲೆ ಕೈ ಸೇರಿದ ಮೇಲೆ ಇಲ್ಲವೆನ್ನುವ ಹಾಗಿಲ್ಲ. ದಾರಿಯಲ್ಲಿ ಎಲ್ಲಾದರೂ ಧೈರ್ಯ ಬಂದೀತು ಎಂದುಕೊಂಡಿದ್ದ. ಕಾಡು ದಾಟಿತು, ಕುರುಚಲು ದಾಟಿತು, ಧೈರ್ಯ ಬರಲಿಲ್ಲ. ಎಲೆ ಬಾಡುತ್ತ ಬಂತು.

ನಾಲ್ಕನೆಯ ದಿನ ಬಂಡೆ ಹತ್ತುವಾಗ ಐಕಾಂಡೆಯ ಜೊತೆ ದಾರಿ ತೋರಿಸುತ್ತಿದ್ದವನ ಕಾಲು ಉಳುಕಿತು. ಅವನನ್ನು ಕೆಳಗೆ ಕಳಿಸಬೇಕಾಯಿತು. ಹತ್ತುವವರು ಡೆನ್ಮಾರ್ಕಿನ ಗಂಡ ಹೆಂಡತಿ. ಹೆಂಡತಿ ಮೇಕೆಯಂತೆ ಜಿಗಿಯುವವಳು, ಗಂಡ ಪ್ರತಿ ಕಲ್ಲಿಗೂ ನಿಂತು ಫೋಟೋ ತೆಗೆಯುವವನು. ತುದಿಗೆ ಹೋಗುವಾಗ ಇಬ್ಬರಿಗೂ ನಮ್ಮವರು ಒಬ್ಬೊಬ್ಬರು ಬೇಕೇ ಬೇಕು. ಬರಾಫುವಿನಲ್ಲಿ ಸಂಜೆ ಎಲಿನಾಮಿ ಪಾತ್ರೆ ಉಜ್ಜುತ್ತಿದ್ದಾಗ ಐಕಾಂಡೆ ಅಡುಗೆ ಡೇರೆಗೆ ಬಂದಳು.

"ಅಪ್ಪ, ನಾಳೆ ನೀನೇ ಬರ್ಬೇಕು. ನಾನು ಮುಂದಿರ್ತೀನಿ, ನೀನು ಹಿಂದಿರು. ನಿಂಗೇನು ದಾರಿ ಹೇಳ್ಕೊಡ್ಬೇಕಾ?"

ಮಂಡಿನೋವಿನ ನೆಪ ನಾಲಿಗೆಯ ತುದಿಯಲ್ಲೇ ಇತ್ತು. ಎಲಿನಾಮಿ ಅದನ್ನು ನುಂಗಿಕೊಂಡ. ಕೈ ಒರೆಸಿ, ಡಬ್ಬಿ ತೆರೆದು, ಬಾಡಿದ ಎಲೆಗೆ ಗಂಟು ಹಾಕಿ ಮಗಳ ಕೈಗಿಟ್ಟ.

"ನಾನು ಈ ಡೇರೆ ದಾಟಿ ಒಂದು ಹೆಜ್ಜೆನೂ ಮೇಲೆ ಇಟ್ಟೋನಲ್ಲ ಕಣಮ್ಮ. ಆ ಬಿಲ, ಆ ಬಾಳೆಕಾಯಿ, ಎಲ್ಲಾ ನಾನೇ ಕಟ್ಟಿದ್ದು."

ಐಕಾಂಡೆ ಎಲೆಯನ್ನು ಮೂಸಿ ನೋಡಿ, ಚಹಾ ವಾಸನೆ ಬರುತ್ತಿದೆ ಎಂದಳು. ಆಮೇಲೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಗೊತ್ತಪ್ಪ. ಮೊದಲನೇ ಸಲ ಹೋದಾಗ ಜೇಬಲ್ಲಿ ಬಾಳೆಕಾಯಿ ಇಟ್ಕೊಂಡೇ ಹೋಗಿದ್ದೆ, ಸುಡೋಣ ಅಂತ. ಬಿಲ ಹುಡುಕಿದ್ದೇ ಹುಡುಕಿದ್ದು. ಏನು ಬೀಳಿಸ್ಕೊಂಡೆ ಅಂತ ಜೊತೆಯವರು ಕೇಳಿದ್ರು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಎಲಿನಾಮಿ ಅತ್ತುಬಿಟ್ಟ. ಎಲೆ ತೆಗೆದುಕೊಂಡವರು ಕ್ಷಮಿಸಲೇಬೇಕು, ಆದರೆ ದಂಡ ಕೇಳುವ ಹಕ್ಕು ಅವರಿಗಿದೆ. ಸಾಮಾನ್ಯವಾಗಿ ಒಂದು ಮೇಕೆ, ಒಂದಿಷ್ಟು ಹೆಂಡ. ಐಕಾಂಡೆ ಮೇಕೆ ಕೇಳಲಿಲ್ಲ, ಶಿಖರ ಕೇಳಿದಳು.

ಎಲ್ಲರೂ ನಡುರಾತ್ರಿ ಹೊರಡುವುದು ವಾಡಿಕೆ. ಅಂದು ರಾತ್ರಿಯಿಡೀ ಬೀಸಿದ ಗಾಳಿ ಹೊರಡಲು ಬಿಡಲಿಲ್ಲವಾದ್ದರಿಂದ ಇವರು ಬೆಳಕು ಹರಿದ ಮೇಲೆ ಹೊರಟರು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರಿಸುವ ಜಲ್ಲಿ. ಇಪ್ಪತ್ತು ಹೆಜ್ಜೆಗೊಮ್ಮೆ ಎಲಿನಾಮಿ ನಿಂತು, ಹೆಂಡದ ಅಂಗಡಿಯಲ್ಲಿ ಬಡಾಯಿ ಕೊಚ್ಚಿದ ಆ ಹಳೆಯ ಎಲಿನಾಮಿಯನ್ನು ಬಾಯಿಗೆ ಬಂದಂತೆ ಬೈದ. ಜೊತೆಗಿದ್ದ ಫೋಟೋದವನು ಅದನ್ನು ಪ್ರಾರ್ಥನೆಯೆಂದು ತಿಳಿದು ಟೋಪಿ ತೆಗೆದ. ಜ್ವಾಲಾಮುಖಿಯ ಬಾಯಿಯ ಅಂಚು ತಲುಪಿದಾಗ ಎಲಿನಾಮಿ ಹಿಮದ ಮೇಲೆ ಕೂತು, ಇಷ್ಟು ಸಾಕು ಎಂದ. ಅರ್ಧ ದಂಡ ನಡೆಯುವುದಿಲ್ಲ ಎಂದು ಅಲ್ಲಿ ಕಾಯುತ್ತಿದ್ದ ಮಗಳು ರಟ್ಟೆ ಹಿಡಿದು ಎಬ್ಬಿಸಿದಳು.

ಇನ್ನೊಂದು ಗಂಟೆಯ ಮೇಲೆ ತುದಿಯ ಗುರುತಿಗೆ ನೆಟ್ಟ ಮರದ ಫಲಕ ಬಂತು. ಕೆಳಗೆ ಮಚಾಮೆಯೂ ಇಲ್ಲ, ಬಾಳೆತೋಟವೂ ಇಲ್ಲ, ಬರೀ ಮೋಡ. ಎಲಿನಾಮಿಗೆ ತಲೆ ಸಿಡಿಯುತ್ತಿತ್ತು. ಇಷ್ಟೇನಾ ಅನ್ನಿಸಿತು. ಮತ್ತೊಮ್ಮೆ ನೋಡಿದ, ಎಡಕ್ಕೆ ನೀಲಿ ಮಂಜುಗಡ್ಡೆಯ ಗೋಡೆ ಸುಮ್ಮನೆ ನಿಂತಿತ್ತು. ಅಷ್ಟು ವರ್ಷ ಕಥೆ ಹೇಳಿದವನಿಗೆ ಅದನ್ನು ಹೇಳಲು ಒಂದು ಮಾತೂ ಹೊಳೆಯಲಿಲ್ಲ. ತುಂಬ ಸಂತೋಷವಾಯಿತು.

ಐಕಾಂಡೆ ಜೇಬಿನಿಂದ ಹಸಿ ಬಾಳೆಕಾಯಿ ತೆಗೆದು ಅವನ ಮುಂದೆ ಹಿಡಿದಳು.

"ತಗೋ, ಸುಡು."

ಉಸಿರಿಗೇ ಬರವಿದ್ದ ಜಾಗದಲ್ಲಿ ಅಪ್ಪ ಮಗಳು ನಕ್ಕು ನಕ್ಕು ಸುಸ್ತಾದರು. ಯಾಕೆಂದು ಗೊತ್ತಾಗದಿದ್ದರೂ ಡೆನ್ಮಾರ್ಕಿನವನು ಫೋಟೋ ತೆಗೆದ.

ಸಂಜೆ ಬರಾಫುವಿಗೆ ಇಳಿದಾಗ ಸೂಪು ಇರಲಿಲ್ಲ. ಮಾಡುವವನೇ ಮೇಲೆ ಹೋಗಿದ್ದನಲ್ಲ. ತನ್ನ ಸೂಪು ಎಂಥದ್ದಾಗಿತ್ತು ಎಂಬುದು ಎಲಿನಾಮಿಗೆ ಅಂದು ತಿಳಿಯಿತು. ಟೋಪಿಯನ್ನೂ ತೆಗೆಯದೆ ಒಲೆ ಹಚ್ಚಿದ.

ಊರಿಗೆ ಬಂದ ಭಾನುವಾರ ಮಗಳನ್ನೂ ಕರೆದುಕೊಂಡು ಹೆಂಡದ ಅಂಗಡಿಗೆ ಹೋದ. ಎಂದಿನಂತೆ ಕೇಳಿದರು. ಈ ಸಲ ಕಂಡದ್ದನ್ನಷ್ಟೇ ಹೇಳಿದ: ಚಳಿ, ತಲೆನೋವು, ಮೋಡ, ಒಂದು ಮರದ ಫಲಕ. ಜನ ಮುಖಮುಖ ನೋಡಿಕೊಂಡರು. ಕಿವೆಲು ಅವನ ಬೆನ್ನು ಸವರಿದ.

"ಈ ಸಲ ನೀನು ಮೇಲೆ ಹೋಗಿಲ್ಲ, ಬಿಡು. ವಯಸ್ಸಾಯ್ತು, ಅದ್ರಲ್ಲಿ ನಾಚಿಕೆ ಏನಿಲ್ಲ. ಹೋಗಿದ್ರೆ ಬಾಳೆಕಾಯಿ ಸುಡದೆ ಬರ್ತಿದ್ಯಾ?"

ಎಲಿನಾಮಿ ಎಲ್ಲವನ್ನೂ ಒಪ್ಪಿಕೊಳ್ಳಲೆಂದು ಬಾಯಿ ತೆರೆದ. ಅಷ್ಟರಲ್ಲಿ ಐಕಾಂಡೆ ಮಾತಾಡಿದಳು.

"ಅಪ್ಪ ಸುಟ್ಟ, ಮಾವ. ಅರ್ಧ ನಾನೇ ತಿಂದೆ. ಉಪ್ಪು ಒಯ್ಯೋದು ಮರ್ತಿದ್ವಿ, ಅಷ್ಟೆ."

ಕಿವೆಲು ಸಮಾಧಾನದ ಉಸಿರು ಬಿಟ್ಟು, ಹೆಂಡದ ಬುರುಡೆಯನ್ನು ಮೊದಲು ಅವಳ ಕೈಗೆ ಕೊಟ್ಟ.